ಗಾಣದ ಕಾಕಾ, ಗ್ಯಾರೇಜಿನ ಬಿಯರ್

ಸಾಸವಡ ಎಂದರೆ ಊರಿನವರಿಗೆ ತಟ್ಟನೆ ಗೊತ್ತಾಗುವುದಿಲ್ಲ, ಹಾಗಾಗಿ ಫೋನಿನಲ್ಲಿ ಪುಣೆ ಎಂದೇ ಹೇಳಿ ಮುಗಿಸುತ್ತೇನೆ. ಹಡಪಸರದಿಂದ ಹೊರಟು ದಿವೆ ಘಾಟ್ ಹತ್ತಿದ ಮೇಲೆ ಸಿಗುವ ಊರು ಇದು. ಕರ್‍ಹಾ ನದಿಯ ದಂಡೆ, ಸೋಪಾನದೇವರ ಸಮಾಧಿ, ಸುತ್ತ ಅಂಜೂರ ಮತ್ತು ಸೀತಾಫಲದ ತೋಟಗಳು. ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಕಿ ಇಲ್ಲಿ ತಂಗುವ ದಿನಗಳಲ್ಲಿ ಆಫೀಸಿಗೆ ಹೋಗುವ ಮಾತೇ ಇಲ್ಲ, ಘಾಟ್ ಪೂರ್ತಿ ವಾರಕರಿಗಳದು. ಐಟಿ ಪಾರ್ಕಿನ ಪಕ್ಕದ ಬಾಡಿಗೆಗೆ ಹೆದರಿ ನಾಲ್ಕು ವರ್ಷದ ಹಿಂದೆ ಇಲ್ಲಿಗೆ ಬಂದೆವು. ಈಗ ಹೆಂಡತಿ ಬಿಟ್ಟುಹೋಗೋಣ ಎಂದರೂ ನನಗೆ ಮನಸ್ಸಿಲ್ಲ.

ಇಲ್ಲಿ ಶನಿವಾರ ರಾತ್ರಿ ಎಂಟೂವರೆ ಆದಾಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಬೆಳಗಿನ ಹತ್ತು. ನನ್ನ ಕಾಕಾನ ಮಗ ಅಲ್ಲಿದ್ದಾನೆ. ಅವನೂ ಸಾಫ್ಟ್‌ವೇರ್, ನಾನೂ ಸಾಫ್ಟ್‌ವೇರ್. ಆ ಹೊತ್ತಿಗೆ ಅವನು ಗ್ಯಾರೇಜಿನ ಬಾಗಿಲು ಎತ್ತಿ, ಗ್ಯಾಸ್ ಒಲೆಯ ಮೇಲೆ ಮೂವತ್ತು ಲೀಟರಿನ ಸ್ಟೀಲ್ ಪಾತ್ರೆ ಇಟ್ಟು, ಫೋನನ್ನು ಒಂದು ಬಣ್ಣದ ಡಬ್ಬಕ್ಕೆ ಒರಗಿಸಿ ನನಗೆ ವಿಡಿಯೋ ಕರೆ ಮಾಡುತ್ತಾನೆ. ಪಾತ್ರೆಯಲ್ಲಿ ಕುದಿಯುವುದು ಬಿಯರ್ ಆಗಲಿರುವ ರಸ. ನಾನು ಸಾಸವಡದಲ್ಲಿ ಊಟದ ತಟ್ಟೆ ಹಿಡಿದುಕೊಂಡು ನೋಡುತ್ತೇನೆ.

ಓದುಗರಲ್ಲಿ ಕೆಲವರು ಇಲ್ಲಿಗೇ ಹುಬ್ಬೇರಿಸಿರಬಹುದು, ಅದಕ್ಕೇ ಕಾನೂನಿನ ಮಾತು ಮೊದಲೇ ಆಡಿಬಿಡುತ್ತೇನೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಮನೆಬಳಕೆಗೆ ಬಿಯರ್ ಮಾಡುವುದಕ್ಕಿದ್ದ ಫೆಡರಲ್ ತೆರಿಗೆ ಮತ್ತು ಅಡ್ಡಿ ಹೋಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ. ಮಿಸಿಸಿಪ್ಪಿ, ಅಲಬಾಮ ರಾಜ್ಯಗಳು ಮಾತ್ರ 2013ರವರೆಗೂ ಬಿಗಿ ಹಿಡಿದಿದ್ದವು. ನಮ್ಮಲ್ಲಿ ಹಾಗಿಲ್ಲ. ಮಹಾರಾಷ್ಟ್ರದ್ದು ಇಂದಿಗೂ 1949ರ ಮದ್ಯನಿಷೇಧ ಕಾಯ್ದೆ, ಕರ್ನಾಟಕದ್ದು 1965ರ ಅಬಕಾರಿ ಕಾಯ್ದೆ. ಎರಡರಲ್ಲೂ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಐದು ಲೀಟರ್ ಆದರೂ ಅಷ್ಟೇ. ಹೀಗಾಗಿ ನನ್ನದು ಪಾತ್ರೆಯಿಲ್ಲದ ಪಾಂಡಿತ್ಯ. ಅವನು ಅಲ್ಲಿ ಕುದಿಸುತ್ತಾನೆ, ನಾನು ಇಲ್ಲಿಂದ ಡೀಬಗ್ ಮಾಡುತ್ತೇನೆ.

ಡೀಬಗ್ ಮಾಡಬೇಕಾಗಿ ಬಂದದ್ದು ಮಬ್ಬನ್ನು. ಅವನ ಬಿಯರ್ ಕೋಣೆಯ ಬಿಸುಪಿನಲ್ಲಿ ಜೇನಿನಂತೆ ತಿಳಿಯಾಗಿರುತ್ತಿತ್ತು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಮಜ್ಜಿಗೆ ನೀರು ಬೆರೆಸಿದಂತೆ ಕದಡಿರುತ್ತಿತ್ತು. ಹೊರಗಿಟ್ಟರೆ ಮತ್ತೆ ತಿಳಿ. ಇದಕ್ಕೆ ಬ್ರೂವರಿಯವರು ‘ಚಿಲ್ ಹೇಜ್’ ಎನ್ನುತ್ತಾರೆ, ಚಳಿಮಬ್ಬು ಅನ್ನೋಣ.

ಕಾರಣ ತಿಳಿಯಲು ಬಿಯರ್ ಹೇಗಾಗುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ನೆನೆಸುತ್ತಾರೆ. ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ಸಿಹಿ ನೀರಿಗೆ ವರ್ಟ್ ಎಂದು ಹೆಸರು. ಅದನ್ನು ಹಾಪ್ಸ್ ಹೂವಿನೊಂದಿಗೆ ಒಂದು ತಾಸು ಕುದಿಸಿ, ಬೇಗ ತಣಿಸಿ, ಯೀಸ್ಟ್ ಹಾಕಿ ಎರಡು ವಾರ ಬಿಟ್ಟರೆ ಬಿಯರ್. ಬಾರ್ಲಿಯಿಂದ ಸಕ್ಕರೆಯ ಜೊತೆಗೆ ಪ್ರೋಟೀನೂ ಬರುತ್ತದೆ. ಕಾಳಿನ ಸಿಪ್ಪೆಯಿಂದಲೂ ಹಾಪ್ಸ್‌ನಿಂದಲೂ ಒಗರಿನ ಪಾಲಿಫಿನಾಲ್‌ಗಳು ಬರುತ್ತವೆ, ಚಹಾ ಹೆಚ್ಚು ಕುದಿಸಿದಾಗ ನಾಲಗೆ ಹಿಡಿಯುತ್ತದಲ್ಲ, ಅದೇ ಜಾತಿಯವು. ತಣ್ಣಗಾದಾಗ ಇವೆರಡೂ ಒಂದನ್ನೊಂದು ಹಿಡಿದುಕೊಂಡು ಬೆಳಕನ್ನು ಚೆದುರಿಸುವಷ್ಟು ದೊಡ್ಡ ಕಣಗಳಾಗುತ್ತವೆ, ಅದೇ ಮಬ್ಬು. ಬಿಸಿಯಾದರೆ ಹಿಡಿತ ಸಡಿಲವಾಗುತ್ತದೆ. ತಿಂಗಳುಗಟ್ಟಲೆ ಇಟ್ಟರೆ ಮಾತ್ರ ಸಂಬಂಧ ಗಟ್ಟಿಯಾಗಿ ಮಬ್ಬು ಶಾಶ್ವತವಾಗುತ್ತದೆ.

ಹಾಗಾದರೆ ಕುದಿಯುವಾಗಲೇ ಪ್ರೋಟೀನನ್ನು ಹೊರಹಾಕಿಬಿಟ್ಟರೆ? ಇದಕ್ಕೆ ಕುದಿಪಾತ್ರೆಗೆ ಹಾಕುವ ತಿಳಿಕಾರಕಗಳಿವೆ. ನಮ್ಮ ಮನೆಗಳಿಗೆ ಈ ಉಪಾಯ ಹೊಸದಲ್ಲ. ಸಕ್ಕರೆ ಪಾಕಕ್ಕೆ ಅಜ್ಜಿ ಒಂದು ಚಮಚ ಹಾಲು ಬಿಡುತ್ತಿದ್ದದ್ದು ನೆನಪಿದೆಯೇ? ಹಾಲು ಒಡೆದು ಕಸವನ್ನೆಲ್ಲ ಅಪ್ಪಿಕೊಂಡು ನೊರೆಯಾಗಿ ಮೇಲೆ ಬರುತ್ತಿತ್ತು, ಸೌಟಿನಿಂದ ತೆಗೆದರೆ ಕೆಳಗೆ ಗಾಜಿನಂಥ ಪಾಕ. ಹೊಳೆಯ ಕೆಂಪು ನೀರಿಗೆ ಪಟಿಕ ಆಡಿಸುವುದು, ಗಡಿಗೆಯ ಒಳಮೈಗೆ ಚಿಲ್ಲದ ಬೀಜ ತೇಯುವುದು ಎಲ್ಲ ಒಂದೇ ಮನೆತನದ ವಿದ್ಯೆಗಳು. ಒಂದೊಂದೇ ಆಗಿ ತೇಲುವ ಸಣ್ಣ ಕಣಗಳನ್ನು ಗುಂಪುಗೂಡಿಸಬೇಕು. ಗುಂಪಾದದ್ದು ಒಂದೋ ಮುಳುಗುತ್ತದೆ, ಇಲ್ಲವೇ ತೇಲುತ್ತದೆ.

ಬಿಯರಿನವರ ಚಿಲ್ಲದ ಬೀಜ ಎಂದರೆ ಐರಿಷ್ ಮಾಸ್. ಹೆಸರಿನಲ್ಲಿ ಪಾಚಿ ಇದ್ದರೂ ಅದು ಅಟ್ಲಾಂಟಿಕ್‌ನ ತಣ್ಣನೆಯ ಬಂಡೆಗಳಿಗೆ ಅಂಟಿ ಬೆಳೆಯುವ ಕೆಂಪು ಕಡಲಕಳೆ. ಅದರಲ್ಲಿರುವ ಲೋಳೆಯ ಹೆಸರು ಕ್ಯಾರಜೀನನ್. ನೀವು ಬಿಯರ್ ಮುಟ್ಟದಿದ್ದರೂ ಇದನ್ನು ತಿಂದಿರುತ್ತೀರಿ, ಐಸ್‌ಕ್ರೀಮಿನಲ್ಲಿ, ಚಾಕೊಲೇಟ್ ಹಾಲಿನಲ್ಲಿ, ಟೂತ್‌ಪೇಸ್ಟಿನಲ್ಲಿ ಕೂಡ ಇದೆ. ಇದೇ ಕ್ಯಾರಜೀನನ್‌ಗಾಗಿ ತಮಿಳುನಾಡಿನ ಮಂಡಪಂ ಕಡೆ ಮೀನುಗಾರ ಹೆಂಗಸರು ಬಿದಿರಿನ ತೆಪ್ಪಗಳಿಗೆ ಕಪ್ಪಾಫೈಕಸ್ ಎಂಬ ಇನ್ನೊಂದು ಕಡಲಕಳೆ ಕಟ್ಟಿ ಬೆಳೆಸುತ್ತಾರೆ. ಆ ಕೃಷಿಯನ್ನು ದೇಶಕ್ಕೆ ಒಗ್ಗಿಸಿದ್ದು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. ಕ್ಯಾರಜೀನನ್ ಋಣ ವಿದ್ಯುದಂಶದ ಉದ್ದ ಸರಪಳಿ. ವರ್ಟ್‌ನ ಹುಳಿತನದಲ್ಲಿ ಮಬ್ಬಿನ ಪ್ರೋಟೀನ್‌ಗಳಿಗೆ ಧನ ಅಂಶವಿರುತ್ತದೆ. ಸರಪಳಿ ಅವುಗಳನ್ನು ಎಳೆದು ಹಿಡಿಯುತ್ತದೆ. ರಸ ತಣಿಯುತ್ತಿದ್ದಂತೆ ಮೊಟ್ಟೆ ಒಡೆದು ಹಾಕಿದ ಸಾರಿನಂತೆ ಎಳೆ ಎಳೆ ತುಣುಕುಗಳು ಕಾಣುತ್ತವೆ, ಆಮೇಲೆ ತಳಕ್ಕೆ ಇಳಿಯುತ್ತವೆ.

ಹತ್ತೊಂಬತ್ತು ಲೀಟರಿಗೆ ಒಂದು ಟೀ ಚಮಚ ಒಣಗಿದ ಐರಿಷ್ ಮಾಸ್ ಸಾಕು. ತಣ್ಣೀರಿನಲ್ಲಿ ನೆನೆಸಿಟ್ಟು, ಕುದಿ ನಿಲ್ಲಿಸಲು ಹತ್ತು ಹದಿನೈದು ನಿಮಿಷವಿರುವಾಗ ಹಾಕಬೇಕು. ಗುಳಿಗೆಗಳೂ ಬರುತ್ತವೆ, ಅವನ್ನು ಇನ್ನೂ ತಡವಾಗಿ ಹಾಕಿದರೂ ನಡೆಯುತ್ತದೆ. ನಮ್ಮ ಹುಡುಗ ಮಾಡಿದ್ದೇನೆಂದರೆ ಮೊದಲ ಸಲ ಕುದಿ ಆರಂಭದಲ್ಲೇ ಹಾಕಿ ಪೂರ್ತಿ ಒಂದು ತಾಸು ಬೇಯಿಸಿದ. ಅಷ್ಟು ಹೊತ್ತು ಆ ಹುಳಿ ರಸದಲ್ಲಿ ಕುದಿದರೆ ಸರಪಳಿಯೇ ತುಂಡಾಗುತ್ತದೆ. ಎರಡನೆಯ ಸಲ ಕೋಪ ಬಂದು ಮೂರು ಚಮಚ ಹಾಕಿದ. ತಳದಲ್ಲಿ ಅರ್ಧ ಪಾತ್ರೆಯಷ್ಟು ಹತ್ತಿಯಂಥ ಮಡ್ಡಿ ಕೂತಿತು, ಅಲುಗಿಸಿದರೆ ಏಳುವಂಥದ್ದು, ಅದರೊಳಗೆ ಸಿಕ್ಕಿಕೊಂಡ ಬಿಯರ್ ಚರಂಡಿಗೆ ಹೋಯಿತು. ಮಿನ್ನೆಸೋಟದ ಜನವರಿಯಲ್ಲಿ ಇನ್ನೊಂದು ಬುದ್ಧಿವಂತಿಕೆ ಮಾಡಿದ. ಬೇಗ ತಣಿಸಬೇಕು ಎಂದು ಕುದಿಯುವ ಪಾತ್ರೆಯನ್ನು ಎತ್ತಿ ಹಿಮದ ರಾಶಿಯಲ್ಲಿ ಹೂತಿಟ್ಟ. ಪಾತ್ರೆಯ ಸುತ್ತಲ ಹಿಮ ಕರಗಿ ಗಾಳಿಯ ಗೂಡಾಯಿತು, ಉಳಿದ ಹಿಮ ಕಂಬಳಿಯಂತೆ ಹೊದ್ದಿತು. ಎರಡು ತಾಸಾದರೂ ಕೈ ಸುಡುತ್ತಿತ್ತು. ಹಿಮ ಶಾಖವನ್ನು ಬೇಗ ಬಿಟ್ಟುಕೊಡುವ ವಸ್ತುವಲ್ಲ, ಎಸ್ಕಿಮೋಗಳ ಗುಡಿಸಲು ಅದರದ್ದೇ ಅಲ್ಲವೇ.

ಈ ಸಂದೇಹಗಳನ್ನೆಲ್ಲ ಹೊತ್ತು ನಾನು ಪುಣೆಯ ಒಂದು ಕಿರುಬ್ರೂವರಿಗೆ ಹೋಗಿ ಅಲ್ಲಿ ಕುದಿಸುವ ಹುಡುಗನನ್ನು ಕೇಳಿದ್ದೇನೆ. ಮಹಾರಾಷ್ಟ್ರದ ಮೊದಲ ಕಿರುಬ್ರೂವರಿ ದೂಲಾಲಿ 2009ರಲ್ಲಿ ಪುಣೆಯಲ್ಲೇ ಶುರುವಾದದ್ದು, ಹಾಗಾಗಿ ಈ ಊರಲ್ಲಿ ವಿದ್ಯೆ ಬಲ್ಲವರಿಗೆ ಕೊರತೆಯಿಲ್ಲ. ಆತ ನಕ್ಕು ಹೇಳಿದ: ನಮ್ಮ ಅರ್ಧ ಗಿರಾಕಿಗಳು ಕೇಳುವುದು ಗೋಧಿ ಬಿಯರ್, ಅದು ಮಬ್ಬಾಗಿಯೇ ಇರಬೇಕು, ತಿಳಿಮಾಡಿದರೆ ಜಗಳಕ್ಕೆ ಬರುತ್ತಾರೆ. ಲಾಗರ್ ಮಾಡುವಾಗ ಮಾತ್ರ ಕುದಿಪಾತ್ರೆಗೆ ಗುಳಿಗೆ. ಇನ್ನೂ ಒಂದು ಮಾತು ಹೇಳಿದ, ಅದು ಮುಖ್ಯ. ಕುದಿಪಾತ್ರೆಯ ತಿಳಿಕಾರಕ ಪ್ರೋಟೀನಿಗೆ ಮಾತ್ರ. ಬಿಯರಿನಲ್ಲಿ ತೇಲುವ ಯೀಸ್ಟಿಗೆ ಅದು ಏನೂ ಮಾಡದು, ಪಿಷ್ಟ ಉಳಿದು ಬಂದ ಮಬ್ಬಿಗೂ ಅಷ್ಟೇ. ಯೀಸ್ಟ್ ಇಳಿಯಲು ಚಳಿ ಮತ್ತು ತಾಳ್ಮೆ ಬೇಕು. ತಾಳ್ಮೆ ಇಲ್ಲದವರು ಜಿಲೆಟಿನ್ ಹಾಕುತ್ತಾರೆ. ಇಂಗ್ಲೆಂಡಿನವರು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಹಾಕುವುದು ಹಳೆಯ ಪದ್ಧತಿ. ಬಿಯರ್ ಕುಡಿಯುವ ಆದರೆ ಮೊಟ್ಟೆ ಮುಟ್ಟದ ನಮ್ಮ ಕೆಲವು ಗೆಳೆಯರಿಗೆ ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಕಡಲಕಳೆ ಸಸ್ಯಾಹಾರ, ಆ ಭಯವಿಲ್ಲ.

ಇಷ್ಟು ಓದಿ, ಕೇಳಿ, ಹೇಳಿದರೂ ಹುಡುಗನ ಬಿಯರ್ ಪೂರ್ತಿ ತಿಳಿಯಾಗಿರಲಿಲ್ಲ. ತಿಳಿ ಮಾಡಿಸಿದ್ದು ಅವನಪ್ಪ. ಬಿಯರ್ ಎಂಬ ಮಾತು ಬಂದರೆ ಎದ್ದು ಹೋಗುವ ಮನುಷ್ಯ.

ನಮ್ಮದು ಮಹಾಲಿಂಗಪುರದ ಕಡೆಯ ಹಳ್ಳಿ. ಬೆಲ್ಲದ ಪೇಟೆ ಎಂದರೆ ಅದು. ಮಂಡ್ಯದವರು ಆಲೆಮನೆ ಎನ್ನುವುದಕ್ಕೆ ನಮ್ಮಲ್ಲಿ ಗಾಣ ಎನ್ನುತ್ತೇವೆ. ಕಾಕಾನ ಗಾಣ ದೀಪಾವಳಿಯಿಂದ ಶಿವರಾತ್ರಿಯವರೆಗೂ ನಡೆಯುತ್ತಿತ್ತು. ರಜೆಯಲ್ಲಿ ನಾವು ಹುಡುಗರೆಲ್ಲ ಕೊಪ್ಪರಿಗೆಯ ಸುತ್ತ ಬಿಸಿ ಬೆಲ್ಲಕ್ಕೆ ಕಾಯುತ್ತ ಕೂರುತ್ತಿದ್ದೆವು. ಒಂದು ಟನ್ ಕಬ್ಬಿಗೆ ನೂರು ಕಿಲೋ ಆಸುಪಾಸು ಬೆಲ್ಲ. ಉಳಿದದ್ದೆಲ್ಲ ನೀರು ಮತ್ತು ಸಿಪ್ಪೆ. ನೀರು ಆವಿಯಾಗಿ ಪಾಕ 118 ಡಿಗ್ರಿಯ ಹತ್ತಿರ ಬಂದಾಗ ಇಳಿಸಬೇಕು, ಆದರೆ ಕಾಕಾನಿಗೆ ಥರ್ಮಾಮೀಟರ್ ಇರಲಿಲ್ಲ. ಎರಡು ಬೆರಳಿನಲ್ಲಿ ಪಾಕ ಅದ್ದಿ ತಣ್ಣೀರಲ್ಲಿ ಮುಳುಗಿಸಿ ಉಂಡೆ ಕಟ್ಟುವುದನ್ನು ನೋಡುತ್ತಿದ್ದ.

ಅವನ ವಿದ್ಯೆಯ ಅರ್ಧ ಭಾಗ ಮಾತ್ರ ಆ ಕೊನೆಯ ಹದದಲ್ಲಿತ್ತು. ಇನ್ನರ್ಧ ಮೊದಲಲ್ಲೇ, ರಸ ಬಿಸಿಯಾಗುವಾಗ. ಬದುವಿನಲ್ಲಿ ಬೆಳೆದ ಬೆಂಡೆ ಗಿಡಗಳನ್ನು ಕಾಯಿ ಮುಗಿದ ಮೇಲೂ ಕೀಳುತ್ತಿರಲಿಲ್ಲ. ಹಸಿ ದಂಟನ್ನು ಬೇರು ಸಮೇತ ತಂದು, ಕಲ್ಲಿನ ಮೇಲೆ ಜಜ್ಜಿ, ಬಕೆಟ್ಟಿನಲ್ಲಿ ಹಿಚುಕಿದರೆ ಮೂಗಿನ ಸಿಂಬಳದಂಥ ಲೋಳೆ. ಅದನ್ನು ರಸಕ್ಕೆ ಬಿಟ್ಟು ಉರಿ ಹದದಲ್ಲಿಟ್ಟರೆ ಹಸಿರು ಕಪ್ಪು ಕೊಳೆ ದಪ್ಪ ಕೆನೆಯಾಗಿ ಮೇಲೆ ಏಳುತ್ತದೆ. ಜಾಲರಿಯಲ್ಲಿ ಅದನ್ನೆಲ್ಲ ಎತ್ತಿದ ಮೇಲೆಯೇ ಜೋರು ಕುದಿ. ಸ್ವಲ್ಪ ಸುಣ್ಣದ ತಿಳಿಯನ್ನೂ ಹಾಕುತ್ತಿದ್ದ, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ ಎಂದು ಹನಿ ಲೆಕ್ಕದಲ್ಲಿ. ಈಗ ಓದಿಕೊಂಡ ಮೇಲೆ ನೋಡಿದರೆ ಬೆಂಡೆ ಲೋಳೆಯೂ ಕ್ಯಾರಜೀನನ್ನಿನಂತೆ ಋಣ ಅಂಶದ ಉದ್ದ ಸರಪಳಿ. ಹಸಿ ಕಬ್ಬಿನ ಹಾಲಿನ ಪಿಎಚ್ 5ಕ್ಕೆ ತುಸು ಮೇಲೆ. ಬಿಯರಿನ ವರ್ಟ್‌ನದೂ ಅಷ್ಟೇ. ಎರಡು ಖಂಡದ ಎರಡು ಪಾತ್ರೆಗಳಲ್ಲಿ ಕಸ ಹಿಡಿಯುವ ಬಲೆ ಹೆಚ್ಚುಕಡಿಮೆ ಒಂದೇ ನೂಲಿನದು.

ಗಾಣ 2012ರಲ್ಲಿ ನಿಂತಿತು. ಕಾರಣ ಬಣ್ಣ. ಪೇಟೆಯಲ್ಲಿ ಬೆಲ್ಲದ ದರ ಕೂಗುವುದು ಬಣ್ಣ ನೋಡಿ. ಬೆಂಡೆ ಲೋಳೆಯಿಂದ ಬೆಲ್ಲ ಶುದ್ಧವಾಗುತ್ತದೆ, ಕಂದು ಮಿಶ್ರಿತ ಬಂಗಾರದ ಬಣ್ಣ ಬರುತ್ತದೆ, ಆದರೆ ಹಳದಿ ಬಿಳುಪು ಬರುವುದಿಲ್ಲ. ಅದು ಬೇಕಾದರೆ ‘ಪೌಡರ್’ ಹಾಕಬೇಕು, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಗಾಣದ ಭಾಷೆಯಲ್ಲಿ ಹೈಡ್ರೋಸ್. ಅದು ಕಸ ತೆಗೆಯುವುದಿಲ್ಲ, ಬಣ್ಣ ಮಾತ್ರ ಅಳಿಸುತ್ತದೆ. ಬೆಲ್ಲದಲ್ಲಿ ಗಂಧಕದ ಅಂಶ ಉಳಿಯುತ್ತದೆ, ತಿಂಗಳು ಕಳೆದರೆ ಹೋದ ಬಣ್ಣ ಮರಳಿ ಬರುತ್ತದೆ. ಆದರೆ ಅಷ್ಟರಲ್ಲಿ ದುಡ್ಡು ಎಣಿಸಿ ಆಗಿರುತ್ತದೆ. ದಂಟು ಜಜ್ಜಲು ಆಳು ಹಚ್ಚಿದ ಕಾಕಾನ ಬೆಲ್ಲ ಪೌಡರಿನ ಬೆಲ್ಲಕ್ಕಿಂತ ಕಡಿಮೆಗೆ ಹೋಗತೊಡಗಿದಾಗ ಎರಡು ವರ್ಷ ಸಹಿಸಿ ಮೂರನೆಯ ವರ್ಷ ಕಬ್ಬನ್ನು ಕಾರ್ಖಾನೆಗೆ ಕಳಿಸಿದ.

ಬಿಯರಿನ ಮೇಲಿನ ಸಿಟ್ಟಿಗೆ ಬೇರೆ ಕಾರಣ. ನಮ್ಮ ಸಣ್ಣ ಕಾಕಾ ಸಾರಾಯಿಯಲ್ಲಿ ಹೋದವನು. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ. ಅವನು ಸತ್ತದ್ದು ಅದಕ್ಕೆ ಎಂಟು ತಿಂಗಳ ಮುಂಚೆ. ಕಳ್ಳಭಟ್ಟಿಯವರಿಗೆ ಕೆಟ್ಟ ಬೆಲ್ಲ, ಕಪ್ಪು ಬೆಲ್ಲವೇ ಬೇಕು, ಗಾಣಗಳ ಸುತ್ತ ಅವರ ಓಡಾಟ ಇದ್ದೇ ಇತ್ತು. ಕಾಕಾ ಹದ ತಪ್ಪಿದ ಬೆಲ್ಲವನ್ನು ದನಕ್ಕೆ ಹಾಕುತ್ತಿದ್ದ, ಇಲ್ಲವೇ ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದ, ಅವರಿಗೆ ಮಾತ್ರ ಕೊಡುತ್ತಿರಲಿಲ್ಲ. ತಮ್ಮನ ಶವ ಎತ್ತಿದವನಿಗೆ ‘ಇದು ಶೇಕಡ ಐದರದ್ದು ಅಪ್ಪಾ, ಹವ್ಯಾಸ’ ಎಂದು ಹೇಳುವುದು ಸುಲಭವಲ್ಲ. ಹುಡುಗ ಹೇಳಿರಲೂ ಇಲ್ಲ.

ಕಳೆದ ವರ್ಷ ಮೇ ತಿಂಗಳಲ್ಲಿ ಸೊಸೆಯ ಬಾಣಂತನಕ್ಕೆಂದು ಕಾಕಾ ಕಾಕು ಮಿನಿಯಾಪೊಲಿಸ್‌ಗೆ ಹೋದರು. ಪಾತ್ರೆ, ಕೊಳವೆ, ಬಾಟಲಿಗಳೆಲ್ಲ ನೆಲಮಾಳಿಗೆಯಲ್ಲಿ ಸೂಟ್‌ಕೇಸುಗಳ ಹಿಂದೆ ಅಡಗಿದವು. ಎರಡು ತಿಂಗಳು ಶನಿವಾರದ ಕರೆಗಳಿರಲಿಲ್ಲ. ಜುಲೈಯಲ್ಲಿ ಮರಳುವ ಸಾಮಾನು ಕಟ್ಟಲು ಸೂಟ್‌ಕೇಸ್ ಅಳತೆ ನೋಡಲು ಹೋದ ಕಾಕಾ ಅಷ್ಟನ್ನೂ ಕಂಡರು. ಮಗನನ್ನು ಕೇಳಲಿಲ್ಲ, ನನಗೆ ಫೋನ್ ಮಾಡಿದರು. ‘ಅಂವಾ ಅಲ್ಲಿ ಭಟ್ಟಿ ಹಾಕ್ಯಾನೇನು?’ ಭಟ್ಟಿ ಅಲ್ಲ ಎಂದೆ. ಭಟ್ಟಿ ಇಳಿಸುವುದು ಅಲ್ಲೂ ಅಪರಾಧವೇ, ಇದು ಬರೀ ಹುದುಗಿಸುವುದು, ಮಾರುವುದಿಲ್ಲ, ದಿನಕ್ಕೊಂದು ಗ್ಲಾಸಿಗಿಂತ ಕುಡಿದದ್ದು ನಾನು ಕಂಡಿಲ್ಲ ಎಂದೆ. ಬಹಳ ಹೊತ್ತು ಸುಮ್ಮನಿದ್ದರು. ‘ಸಣ್ಣಾಂವನೂ ಮೊದಲ ಒಂದು ಗ್ಲಾಸಾ ಕುಡೀತಿದ್ದ’ ಎಂದು ಇಟ್ಟುಬಿಟ್ಟರು.

ಅಪ್ಪ ಮಗನ ನಡುವೆ ಏನು ಮಾತಾಯಿತೋ ನನಗೆ ಪೂರ್ತಿ ಗೊತ್ತಿಲ್ಲ. ಒಂದು ವಾರ ಮನೆಯಲ್ಲಿ ಮಾತೇ ಇರಲಿಲ್ಲ ಎಂದು ಸೊಸೆ ಹೇಳಿದಳು. ಕಾಕಾ ಕೊನೆಗೆ ಒಂದು ಮಾತು ಹೇಳಿದರಂತೆ: ಮುಚ್ಚಿಟ್ಟು ಮಾಡಬೇಡ, ನನ್ನ ಮುಂದೆ ಮಾಡು, ಎಷ್ಟು ಮಾಡುತ್ತಿ ಎಷ್ಟು ಕುಡಿಯುತ್ತಿ ನೋಡುತ್ತೇನೆ. ಲೆಕ್ಕ ತಗೊಳ್ಳುವ ಹಟ ಅದು, ಒಪ್ಪಿಗೆ ಅಲ್ಲ.

ಮುಂದಿನ ಶನಿವಾರ ಗ್ಯಾರೇಜಿನ ಕರೆ ಬಂತು. ಪರದೆಯ ಮೂಲೆಯಲ್ಲಿ ಮಡಚುಕುರ್ಚಿ ಹಾಕಿಕೊಂಡು, ಕೈಕಟ್ಟಿ ಕಾಕಾ. ಸಾಕ್ಷಿಗೆ ಬಂದವರ ಹಾಗೆ. ವರ್ಟ್ ಬಿಸಿಯಾಗಿ ಕುದಿ ಏಳುವ ಮುಂಚೆ ಮೇಲೆ ಕಂದು ನೊರೆ ಕಟ್ಟಿತು. ಬಾರ್ಲಿಯ ಮೊದಲ ಪ್ರೋಟೀನ್ ಹೆಪ್ಪುಗಟ್ಟುವುದು ಆಗಲೇ. ಹುಡುಗ ಅದನ್ನು ಸೌಟಿನಿಂದ ಒಳಗೇ ಕಲಕಿದ, ಉಕ್ಕಬಾರದು ಎಂದು. ಮೂಲೆಯಿಂದ ದನಿ ಬಂತು: ‘ಏ, ಕೊಳಿ ಒಳಗ್ಯಾಕ ತುರುಕ್ತಿ? ತಗೀಯೋ.’

ಆಮೇಲೆ ಅವರಿಗೆ ಕೂತಿರಲಾಗಲಿಲ್ಲ. ಜಾಲರಿ ಕೇಳಿದರು. ಅಡುಗೆಮನೆಯಿಂದ ಪೂರಿ ಕರಿಯುವ ಜಾಲರಿ ಬಂತು. ಹತ್ತು ನಿಮಿಷ ಯಾರ ಜೊತೆಯೂ ಮಾತಾಡದೆ ಅಂಚಿನಿಂದ ಅಂಚಿಗೆ ನೊರೆ ಎಳೆದು ತೆಗೆದರು. ಗಾಣ ನಿಂತು ಹನ್ನೆರಡು ವರ್ಷಕ್ಕೂ ಹೆಚ್ಚಾಗಿತ್ತು, ಕೈ ಮರೆತಿರಲಿಲ್ಲ. ಬೆಂಡೆ ಹಾಕುವುದಿಲ್ಲವೇ ಎಂದರು. ಮಗ ಐರಿಷ್ ಮಾಸ್‌ನ ಪೊಟ್ಟಣ ತೋರಿಸಿದ. ಮೂಸಿ ನೋಡಿ, ನೆನೆಸಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಹೌದು, ಲೋಳಿನ’ ಎಂದರು. ಫ್ರೀಜರಿನಲ್ಲಿ ಇಂಡಿಯನ್ ಸ್ಟೋರಿನ ಕತ್ತರಿಸಿದ ಬೆಂಡೆಕಾಯಿ ಇತ್ತು, ಬೇಕಾದರೆ ಪ್ರಯೋಗ ಮಾಡೋಣ ಎಂದು ಹುಡುಗ ಉತ್ಸಾಹದಿಂದ ತಂದ. ಕಾಯಿಯ ಲೋಳೆ ಪಲ್ಯಕ್ಕೆ, ದಂಟಿನದು ಗಾಣಕ್ಕೆ ಎಂದು ವಾಪಸ್ ಇಡಿಸಿದರು.

ಅವರ ಅನುಭವದಲ್ಲಿ ಕಸ ಮೇಲೆ ಬರಬೇಕು. ಇಲ್ಲಿ ಐರಿಷ್ ಮಾಸ್ ಹಾಕಿದ ಮೇಲೆ ಮೇಲೇನೂ ಬರಲಿಲ್ಲ. ‘ಕೊಳಿ ಎಲ್ಲಿ ಹೋತು?’ ಎಂದು ಎರಡು ಸಲ ಕೇಳಿದರು. ತಣಿದ ಮೇಲೆ ಕೆಳಗೆ ಕೂರುತ್ತದೆ ಎಂದು ನಾನು ಸಾಸವಡದಿಂದ ವಿವರಿಸಿದೆ. ತಾಮ್ರದ ಸುರುಳಿ ಕೊಳವೆ ಪಾತ್ರೆಯಲ್ಲಿಳಿಸಿ ತಣ್ಣೀರು ಹರಿಸಿದ ಇಪ್ಪತ್ತೈದು ನಿಮಿಷದಲ್ಲಿ ರಸ ಇಪ್ಪತ್ತು ಡಿಗ್ರಿಗೆ ಇಳಿಯಿತು. ಟಾರ್ಚ್ ಬಿಟ್ಟರೆ ತುಣುಕುಗಳು ತೇಲಾಡುವುದು ನನ್ನ ಫೋನಿನಲ್ಲೂ ಕಾಣುತ್ತಿತ್ತು. ಹುಡುಗ ಎಂದಿನಂತೆ ಪಾತ್ರೆ ಎತ್ತಿ ಹುದುಗಿಸುವ ಡಬ್ಬಕ್ಕೆ ಸುರಿಯಲು ಹೊರಟ. ಅಪ್ಪ ಅವನ ರಟ್ಟೆ ಹಿಡಿದು ನಿಲ್ಲಿಸಿದರು. ಕೂರುವುದಕ್ಕೆ ಹೊತ್ತು ಕೊಡದೆ ಸುರಿದರೆ ಕಸ ತೆಗೆದು ಏನು ಬಂತು? ಇಷ್ಟು ದಿನ ಅವನು ಮಾಡುತ್ತಿದ್ದದ್ದು ಅದನ್ನೇ. ಔಷಧ ಸರಿ, ಹೊತ್ತು ಸರಿ, ಅಳತೆ ಸರಿ, ಕೊನೆಗೆ ತಳದ ಮಡ್ಡಿಯನ್ನೆಲ್ಲ ಡಬ್ಬಕ್ಕೆ ಬಗ್ಗಿಸುತ್ತಿದ್ದ. ನಾನು ನೋಡುತ್ತಿದ್ದ ಫೋನಿನ ಚೌಕಟ್ಟಿನಲ್ಲಿ ಒಲೆ ಮಾತ್ರ ಕಾಣುತ್ತಿತ್ತು, ಡಬ್ಬ ಕಾಣುತ್ತಿರಲಿಲ್ಲ.

ಸೌಟಿನಿಂದ ಒಂದೇ ದಿಕ್ಕಿಗೆ ಸುತ್ತಿಸಿ ಬಿಟ್ಟರೆ ಮಡ್ಡಿ ನಡುವೆ ಗುಡ್ಡೆ ಕಟ್ಟುತ್ತದೆ. ದೊಡ್ಡ ಬ್ರೂವರಿಗಳೂ ಅದನ್ನೇ ಯಂತ್ರದಿಂದ ಮಾಡುತ್ತವೆ. ಇಪ್ಪತ್ತು ನಿಮಿಷ ಕಾದು, ಅಂಚಿನಿಂದ ನಳಿಗೆಯಲ್ಲಿ ತಿಳಿ ಮಾತ್ರ ಎಳೆದು, ತಳದ ಒಂದೂವರೆ ಲೀಟರ್ ಅಲ್ಲೇ ಬಿಟ್ಟರು. ಬಿಡಲು ಹುಡುಗನಿಗೆ ಜೀವ ಒಪ್ಪಲಿಲ್ಲ. ‘ಅದರ ಆಸೆ ಬಿಡು’ ಎಂದರು.

ಐದು ವಾರದ ಮೇಲೆ ಫ್ರಿಜ್ಜಿನಿಂದ ತೆಗೆದು ಗ್ಲಾಸಿಗೆ ಬಗ್ಗಿಸಿದ ಬಿಯರಿನ ಫೋಟೊ ಬಂತು. ಗ್ಲಾಸಿನ ಹಿಂದೆ ಊರಿಂದ ಒಯ್ದ ಕ್ಯಾಲೆಂಡರ್. ಬಿಯರಿನ ಮೂಲಕ ತಿಥಿ ನಕ್ಷತ್ರದ ಸಣ್ಣಕ್ಷರ ಓದಬಹುದಿತ್ತು. ಗ್ಲಾಸು ಹಿಡಿದು ಕ್ಯಾಲೆಂಡರ್ ಮುಂದೆ ನಿಂತವರು ಕಾಕಾ. ಕುಡಿದರೇ ಎಂದು ಕೇಳಿದೆ. ಇಲ್ಲ, ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡರಂತೆ. ರುಚಿ ಬದಲಾಗಿದೆಯೇ ಎಂದು ಹುಡುಗನನ್ನು ಕೇಳಿದರೆ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ಗೊತ್ತಾಗುವಷ್ಟಿಲ್ಲ ಎಂದ. ನನಗನಿಸುವುದೂ ಅಷ್ಟೇ. ಮಬ್ಬು ಕಳೆದ ಬಿಯರ್ ಹೆಚ್ಚು ದಿನ ತಡೆಯಬಹುದು, ಕಣ್ಣಿಗೆ ಚಂದ. ಅದರಾಚೆಗೆ ತಿಳಿಗೂ ರುಚಿಗೂ ಜನ ತಿಳಿದಷ್ಟು ನಂಟಿಲ್ಲ.

ಬೆಲ್ಲದ ವಿಷಯದಲ್ಲಿ ಆ ನಂಟು ಇನ್ನೂ ಸುಳ್ಳು. ನವೆಂಬರಿನ ಒಂದು ಭಾನುವಾರ ಸಾಸವಡದಿಂದ ಭುಲೇಶ್ವರದ ಗುಡ್ಡ ದಾಟಿ ಯವತ ಕಡೆ ಇಳಿದೆ. ನಮ್ಮ ಪುರಂದರ ತಾಲ್ಲೂಕು ಮಳೆನೆರಳಿನದು, ಗುಡ್ಡ ಇಳಿದು ದೌಂಡ ತಾಲ್ಲೂಕು ಮುಟ್ಟಿದರೆ ಖಡಕವಾಸಲಾ ಕಾಲುವೆಯ ನೀರು, ಕಬ್ಬು, ಗುರ್‍ಹಾಳಗಳ ಹೊಗೆ. ಬೆಳೆಯುವುದು ಬಹುತೇಕ ನಮ್ಮೂರಲ್ಲೂ ಇರುವ ಸಿಒ 86032 ತಳಿ. ನೀರಾ ಎಂದು ಇಲ್ಲಿ ಅದಕ್ಕೆ ಹೊಳೆಯ ಹೆಸರು. ಒಂದು ಗುರ್‍ಹಾಳದ ಮುಂದೆ ನಿಂತು ಕಾಕಾನಿಗೆ ವಿಡಿಯೋ ಹಚ್ಚಿದೆ. ಆಗವರು ಊರಿಗೆ ಮರಳಿದ್ದರು. ಮೂರು ಕಡಾಯಿಗಳಲ್ಲಿ ರಸ ಕುದಿಯುತ್ತಿತ್ತು, ಮೂಲೆಯಲ್ಲಿ ಬಿಳಿ ಪುಡಿಯ ಡಬ್ಬ. ನಡೆಸುವವನು ಮುಚ್ಚಿಡಲಿಲ್ಲ. ರಾನಭೇಂಡಿ ದಂಟು ಹಾಕಿದ ಬೆಲ್ಲವೂ ಮಾಡುತ್ತೇನೆ, ಪುಣೆಯ ಕೆಲವರು ಹೇಳಿಟ್ಟು ಒಯ್ಯುತ್ತಾರೆ, ಆದರೆ ಪೇಟೆಗೆ ಕಳಿಸುವ ಲೋಡಿಗೆ ಪುಡಿ ಹಾಕದಿದ್ದರೆ ಕ್ವಿಂಟಲ್ ಮೇಲೆ ಬೀಳುವ ಪೆಟ್ಟು ನೀವು ಕೊಡುತ್ತೀರಾ ಎಂದು ಮರಾಠಿಯಲ್ಲಿ ಕೇಳಿದ. ಕಾಕಾನಿಗೆ ಕನ್ನಡದಲ್ಲಿ ಹೇಳಿದೆ. ‘ಅವಂದೇನೂ ತಪ್ಪಿಲ್ಲ ಬಿಡು, ನಾನೂ ಅದಕ್ಕs ಬಿಟ್ಟೆ’ ಎಂದರು. ಆಮೇಲೆ ಕಡಾಯಿಯ ಹತ್ತಿರ ಹಿಡಿ ಎಂದು, ರಸ ನೋಡಿ, ಮಳಿ ಇನ್ನೂ ಪೂರ್ತಿ ಎತ್ತಿಲ್ಲ, ಉರಿ ಇಳಿಸಲು ಹೇಳು ಎಂದರು. ಹೇಳಿದೆ. ಅವನು ಫೋನಿನೊಳಗಿನ ಮುದುಕನನ್ನು ಒಮ್ಮೆ ನೋಡಿ ಉರಿ ಇಳಿಸಿದ.

ಅಲ್ಲಿಂದ ಐದು ಕಿಲೋ ದಂಟಿನ ಬೆಲ್ಲ ತಂದೆ. ಕಪ್ಪಗಿದೆ ಎಂದು ಅಪಾರ್ಟ್‌ಮೆಂಟಿನಲ್ಲಿ ಹಂಚಿಕೊಂಡವರು ಮೊದಲು ಮೂಗು ಮುರಿದರು, ಸಂಕ್ರಾಂತಿಯ ಹೊತ್ತಿಗೆ ಇಬ್ಬರು ಮತ್ತೆ ಕೇಳಿದರು.

ಮಿನಿಯಾಪೊಲಿಸ್‌ನಲ್ಲಿ ಈಗ ಎರಡು ತಿಂಗಳಿಗೊಂದು ಸಲ ಮಾತ್ರ ಪಾತ್ರೆ ಒಲೆಯೇರುತ್ತದೆ. ಅದು ಅಪ್ಪ ಹಾಕಿ ಬಂದ ಲೆಕ್ಕ. ಪ್ರತಿ ಸಲ ಎಷ್ಟು ಬಾಟಲಿ ಆಯಿತು, ಎಷ್ಟು ಉಳಿದಿದೆ ಎಂದು ಮಗ ಊರಿಗೆ ಫೋನ್ ಮಾಡಿ ಹೇಳಬೇಕು. ಹೇಳುತ್ತಾನೆ. ಕಾಕಾ ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡುತ್ತಾರೆ ಎಂದು ಕಾಕು ನಗುತ್ತ ಹೇಳಿದಳು. ಈ ಮುಂಗಾರಿನಲ್ಲಿ ಬದುವಿನುದ್ದಕ್ಕೂ ಬೆಂಡೆ ಬೀಜ ಹಾಕಿಸಿದ್ದಾರಂತೆ. ನಮ್ಮ ಗಾಣ ಇಲ್ಲ, ಪಕ್ಕದ ಹೊಲದವರ ಗಾಣ ದೀಪಾವಳಿಗೆ ಶುರು. ಕಾಯಿ ಯಾರು ಬೇಕಾದರೂ ಕೊಯ್ದುಕೊಳ್ಳಲಿ, ದಂಟು ಮಾತ್ರ ಕೀಳಬೇಡಿ ಎಂದು ಆಳುಗಳಿಗೆ ತಾಕೀತು ಮಾಡಿದ್ದಾರೆ.